ಓಹಿಯೋ ದಂಡೆಯ ಊರು, ಧರ್ಮಾ ದಂಡೆಯ ಊರು

ಆ ದಿನಗಳು ಬಂಗಾರದಂಥವು ಎಂದು ನನ್ನ ವಾರಿಗೆಯವರು ಬರೆದದ್ದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಪಾಲಿಗೆ ಬಂಗಾರ? ಅರವತ್ತರ ದಶಕದ ನಡುವೆ ಹಾನಗಲ್ಲಿನಲ್ಲಿ ಬೆಳೆದವಳು ನಾನೂ. ಸಾಲೆಯ ಹಿಂದೆ ದೊಡ್ಡ ಡಬರಿಯಲ್ಲಿ ಕುದಿಯುತ್ತಿದ್ದ ಅಮೆರಿಕದ ಹಾಲಿನ ಪುಡಿಯ ತಳ ಹತ್ತಿದ ವಾಸನೆ, ಕುಂಟೆಬಿಲ್ಲೆ ಆಡಿ ಕಾದ ಅಂಗಾಲು, ಹುಣಸೆಯ ಚಿಗುರಿಗೆ ಉಪ್ಪು ಹಚ್ಚಿ ತಿಂದ ಬಾಯಿಯ ಹುಳಿ, ಎಲ್ಲ ನನಗೂ ನೆನಪಿದೆ. ಚಂದ ಮಾಡಿ ಹೇಳುವುದು ಮಾತ್ರ ನನ್ನಿಂದಾಗದು.

ಹಾನಗಲ್ಲು ಹೊಳೆ ದಂಡೆಯ ಊರು. ಹೊಳೆಯ ಹೆಸರು ಧರ್ಮಾ. ಬೇಸಿಗೆಯಲ್ಲಿ ಅದು ಸೊರಗಿ ಅಲ್ಲಲ್ಲಿ ಮಡುವಾಗಿ ನಿಂತಾಗ ಹೆಂಗಸರು ಉಸುಕು ತೋಡಿ ಕುಣಿ ಮಾಡುತ್ತಿದ್ದರು. ತಳದಿಂದ ನೀರು ಜಿನುಗಿ ಬಂದು ನಿಲ್ಲುತ್ತಿತ್ತು. ಅದಕ್ಕೆ ವರತೆ ಎನ್ನುತ್ತಿದ್ದೆವು. ಆ ವರತೆಗಳಿಗೂ ಜಾತಿಯಿತ್ತು. ಊರವರದು ಮೇಲೆ, ರಸ್ತೆಗೆ ಹತ್ತಿರ. ಅದಕ್ಕಿಂತ ಕೆಳಗೆ ಎಮ್ಮೆ ಮೈ ತೊಳೆಯುವ ಜಾಗ, ಅರಿವೆ ಒಗೆಯುವ ಜಾಗ. ಎಲ್ಲಕ್ಕೂ ಕೆಳಗೆ ನಮ್ಮ ಕೇರಿಯದು. ಅಪ್ಪ ದೀಕ್ಷೆ ತೆಗೆದುಕೊಂಡು ಬೌದ್ಧನಾಗಿದ್ದ. ಗೋಡೆಯ ಮೇಲೆ ಬುದ್ಧನ ಪಟ ಬಂದಿತ್ತು, ಆದರೆ ವರತೆಯ ಜಾಗ ಬದಲಾಗಿರಲಿಲ್ಲ. ಅವ್ವ ಮೊಳಕೈ ಮುಳುಗುವಷ್ಟು ತೋಡಿ, ಮೊದಲ ಎರಡು ಕೊಡ ಚೆಲ್ಲಿ, ಮೂರನೆಯದನ್ನು ತುಂಬುತ್ತಿದ್ದಳು. ಆ ನೀರು ಸಿಹಿಯಾಗಿತ್ತು. ಅದೊಂದನ್ನು ಇಲ್ಲ ಎನ್ನಲಾರೆ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಊರಿಗೆ ಹೆಲನ್ ಬಾಯಿ ಬಂದಳು. ಅಮೆರಿಕದವಳು, ಇಪ್ಪತ್ನಾಲ್ಕು ಇಪ್ಪತ್ತೈದರ ಹುಡುಗಿ. ಹೆಂಗಸರಿಗೆ ಕೋಳಿ ಸಾಕುವುದು, ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವುದು ಕಲಿಸಲು ಅವರ ಸರಕಾರ ಕಳಿಸಿದವಳು. ಶನಿವಾರ ನಮ್ಮ ಸಾಲೆಗೂ ಬರುತ್ತಿದ್ದಳು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದಳು. ಅವಳ ಊರು ಲೂಯಿವಿಲ್, ಓಹಿಯೋ ಎಂಬ ನದಿಯ ದಂಡೆಯ ಮೇಲೆ. ಚೀಲದ ತುಂಬ ಆ ಊರಿನ ಬಣ್ಣದ ಕಾರ್ಡುಗಳಿದ್ದವು. ನದಿಗೆ ಅಡ್ಡಲಾಗಿ ಕಬ್ಬಿಣದ ಸೇತುವೆಗಳು, ಹಿಂದೆ ನೀರು ತಳ್ಳುವ ದೊಡ್ಡ ಗಾಲಿಯಿದ್ದ ಬಿಳಿ ಹಡಗು, ಹಸಿರು ಹುಲ್ಲಿನ ಉದ್ಯಾನ, ಅದರ ನಡುವೆ ಕುಡಿಯುವ ನೀರಿನ ಕಲ್ಲಿನ ಕಾರಂಜಿ.

"ನಮ್ಮ ಊರು ತೀರ ದೊಡ್ಡದಲ್ಲ, ಸಣ್ಣದೂ ಅಲ್ಲ," ಎಂದಳು. "ಬಾಳುವುದಕ್ಕೆ ಒಳ್ಳೆಯ ಊರು. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ."

ನಾನು ಆ ಕಾರಂಜಿಯ ಕಾರ್ಡನ್ನು ಬಿಡದೆ ನೋಡಿದೆ. ಬಾಯಾರಿದವರು ಹೋಗಿ ಬಗ್ಗಿದರೆ ಸಾಕು, ನೀರು ತಾನೇ ಮೇಲೆದ್ದು ಬಾಯಿಗೆ ಬರುತ್ತದೆ ಎಂದಳು ಹೆಲನ್ ಬಾಯಿ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ.

"ಯಾರ ಕೇರಿಯಾಗೈತಂತ ಅದು?" ಅವ್ವ ಕೇಳಿದಳು.

"ಅಲ್ಲಿ ಕೇರಿ ಇಲ್ಲಬೇ. ಊರಂದ್ರ ಊರು."

ಅವ್ವ ರೊಟ್ಟಿ ತಿರುವಿ ಹಾಕಿದಳು.

ಆ ಬೇಸಿಗೆಯಲ್ಲಿ ಹೆಲನ್ ಬಾಯಿಗೆ ನಮ್ಮ ಫೋಟೋ ತೆಗೆದು ತನ್ನ ಊರಿನ ಮಕ್ಕಳಿಗೆ ಕಳಿಸಬೇಕೆನಿಸಿತು. ಅಂದು ಮಾಸ್ತರು ಮೀಟಿಂಗಿಗೆಂದು ಹಾವೇರಿಗೆ ಹೋಗಿದ್ದರು. ಅವರಿದ್ದಿದ್ದರೆ ನನ್ನನ್ನು ಸಾಲೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಹೆಲನ್ ಬಾಯಿ ಒಬ್ಬಳೇ ನಮ್ಮನ್ನೆಲ್ಲ ಹೊಳೆಗೆ ಕರೆದೊಯ್ದಳು, ರಸ್ತೆಗೆ ಹತ್ತಿರವೆಂದು ಮೇಲಿನ ವರತೆಗೇ. ನಾನು ದಂಡೆಯ ಮೇಲಿನ ಹೊಂಗೆ ಗಿಡದ ಕೆಳಗೆ ನಿಂತೆ.

"ಶಾಂತಾ, ಬಾ," ಎಂದು ಕೂಗಿದಳು.

"ನಾ ಒಲ್ಲೆರಿ."

ನಾಚಿಕೆ ಎಂದುಕೊಂಡಳೋ ಏನೋ. ನಗುತ್ತ ಬಂದು ಕೈ ಹಿಡಿದು ಎಳೆದೊಯ್ದು, ನನ್ನ ಬೆಂಚಿನ ಪಕ್ಕದ ಬೆಂಚಿನ ಸರೋಜಾಳ ಮಗ್ಗುಲಲ್ಲಿ ಕೂರಿಸಿದಳು. "ಎಲ್ಲರೂ ನೀರು ಕುಡಿಯಿರಿ, ನಾನು ಫೋಟೋ ತೆಗೆಯುತ್ತೇನೆ," ಎಂದಳು. ಉಳಿದವರು ಬೊಗಸೆ ಒಡ್ಡಿದರು. ನಾನೂ ಒಡ್ಡಿದೆ. ಯಾರೂ ಒತ್ತಾಯ ಮಾಡಲಿಲ್ಲ. ಬಾಯಾರಿಕೆಯಾಗಿತ್ತು, ತಲೆಯ ತುಂಬ ಆ ಕಾರಂಜಿಯಿತ್ತು. ನಾನೇ ಕುಡಿದೆ.

"ಏ! ಅದು ಕೆಳಗಿನ ಕೇರಿ ಹುಡಿಗಿ ಅಲ್ಲೇನ?" ಕೊಡ ತುಂಬುತ್ತಿದ್ದ ಹೆಂಗಸೊಬ್ಬಳು ಕೂಗಿದಳು.

ಸರೋಜಾ ಥಟ್ಟನೆ ಎದ್ದಳು. "ನಾ ಕರದಿಲ್ಲರಿ, ಅಕೀನ ಬಂದು ಕುಂತಾಳ," ಎಂದಳು.

ಆ ಹೆಂಗಸು ತುಂಬಿದ ಕೊಡವನ್ನು ನನ್ನ ಕಾಲ ಬಳಿಯೇ ಬೋರಲು ಹಾಕಿದಳು. ಹೆಲನ್ ಬಾಯಿಗೆ ಏನೂ ತಿಳಿಯಲಿಲ್ಲ. ಕ್ಯಾಮರಾ ಹಿಡಿದುಕೊಂಡು ಇನ್ನೂ ನಗುತ್ತಲೇ ಇದ್ದಳು. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮರುದಿನ ಅವ್ವ ಹೊಳೆಗೆ ಹೋದರೆ ನಮ್ಮ ವರತೆಯ ತುಂಬ ಜಾಲಿಮುಳ್ಳು, ಮೇಲೆ ಸಗಣಿ. ಬೇರೆ ಕಡೆ ತೋಡಿದಳು. ಮಾರನೆಯ ದಿನ ಅದರಲ್ಲೂ ಮುಳ್ಳು. ನಾಲ್ಕು ದಿನ ಹೀಗೇ ನಡೆಯಿತು. ಮುಳ್ಳು ಗೀರಿ ಅವ್ವನ ಅಂಗೈ ರಕ್ತವಾಯಿತು. ನಮ್ಮ ದೆಸೆಯಿಂದ ಇಡೀ ಕೇರಿಗೆ ನೀರಿಲ್ಲದಂತಾಗಿ, ನೆರೆಯವರೂ ನನ್ನನ್ನು ಬೈಯತೊಡಗಿದರು.

ಅಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಕೆಲಸ ಬಿಟ್ಟು ಬಂದು ಊರ ಹಿರಿಯರ ಮುಂದೆ ನಿಂತ. ನನ್ನನ್ನೂ ಕರೆದೊಯ್ದಿದ್ದ.

"ಹುಡಿಗಿ ಕಡಿಂದ ತಪ್ಪಾತು ಅನಸು. ಸಾಲಿ ಬಿಡಸು. ಅಲ್ಲಿಗೆ ಮುಗೀತು," ಎಂದರು ಒಬ್ಬ ಹಿರಿಯರು.

"ನೀರಡಿಸಿ ನೀರ ಕುಡದಾಳ್ರಿ. ಅದಕ್ಕ ತಪ್ಪು ಅಂತ ನಾ ಅನಸಂಗಿಲ್ಲ," ಎಂದ ಅಪ್ಪ.

ಐದನೆಯ ದಿನ ಹೆಲನ್ ಬಾಯಿ ನಮ್ಮ ಮನೆಗೆ ಬಂದಳು. ಯಾರೋ ಹೇಳಿರಬೇಕು. ಅವ್ವ ಹಾಸಿದ ಚಾಪೆಯ ಮೇಲೆ ಕೂತು ಅತ್ತಳು. "ನನಗೆ ಗೊತ್ತಿರಲಿಲ್ಲ," ಎಂದಳು.

"ಅಳಬ್ಯಾಡ್ರಿ. ಅವರ ಕೂಡ ನೀವು ಒಂದ್ ಮಾತ ಆಡ್ರಿ. ನಿಮ್ಮ ಮಾತು ಕೇಳ್ತಾರ," ಎಂದಳು ಅವ್ವ.

ಹೆಲನ್ ಬಾಯಿ ಕಣ್ಣೊರೆಸಿಕೊಂಡಳು. "ನಾನು ಇಲ್ಲಿ ಅತಿಥಿ. ಇಲ್ಲಿಯ ಪದ್ಧತಿಯಲ್ಲಿ ಕೈ ಹಾಕಬಾರದೆಂದು ನಮಗೆ ಹೇಳಿ ಕಳಿಸಿದ್ದಾರೆ."

ನನಗೆ ಮೈಯೆಲ್ಲ ಉರಿಯಿತು. ಕೇಳಿಯೇಬಿಟ್ಟೆ. "ನಿಮ್ಮೂರಾಗ ಆ ಕಾರಂಜಿ ನೀರು ಎಲ್ಲಾರೂ ಕುಡೀತಾರೇನ್ರಿ?"

ಹೆಲನ್ ಬಾಯಿ ತಲೆ ತಗ್ಗಿಸಿದಳು. "ಈಗ ಕುಡಿಯಬಹುದು. ನಾನು ನಿನ್ನಷ್ಟಿದ್ದಾಗ ಇಲ್ಲ. ಕಪ್ಪು ಜನರಿಗೆ ಬೇರೆ ಉದ್ಯಾನವಿತ್ತು."

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ನಮಗ್ಯಾಕ ಹೇಳಲಿಲ್ಲ?"

"ಅದು ನನ್ನ ಊರು, ಶಾಂತಾ," ಎಂದಳು.

ಅದಕ್ಕಿಂತ ಕೆಟ್ಟ ಉತ್ತರವನ್ನು ನಾನು ಕೇಳಿಲ್ಲ. ಅಷ್ಟು ಪ್ರಾಮಾಣಿಕವಾದದ್ದನ್ನೂ ಕೇಳಿಲ್ಲ. ಒಳ್ಳೆಯ ಊರು ಎಂಬ ಮಾತು ಯಾರೇ ಆಡಲಿ, ಅಂದಿನಿಂದ ನಾನು ಕೇಳುವುದು ಒಂದೇ: ಅಲ್ಲಿ ಕೆಳಗಿನ ದಂಡೆಯಲ್ಲಿ ಯಾರಿದ್ದಾರೆ?

ಅಪ್ಪ ಮಣಿಯಲಿಲ್ಲ, ಊರೂ ಮಣಿಯಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ನಾವು ಹಾನಗಲ್ಲು ಬಿಟ್ಟೆವು. ತಡಸದಲ್ಲಿ ಸೋದರಮಾವನಿದ್ದ. ಬಸ್ಸಿನ ಮೇಲೆ ಒಂದು ಟ್ರಂಕು, ಎರಡು ಕೌದಿ, ಬುದ್ಧನ ಪಟ. ನನ್ನ ವಾರ್ಷಿಕ ಪರೀಕ್ಷೆ ತಪ್ಪಿ ಒಂದು ವರ್ಷ ಹಾಳಾಯಿತು. ಆಮೇಲೆ ಓದಿದೆ, ನರ್ಸಾದೆ, ದುಡಿದೆ. ಯಾವೂರೆಂದು ಕೇಳಿದವರಿಗೆ ತಡಸ ಎಂದೇ ಹೇಳುತ್ತ ಬಂದೆ. ಹಾನಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಕೂತರೂ ಅಲ್ಲಿ ಇಳಿಯುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ತಡಸದಲ್ಲಿ ಅವ್ವನ ಕಡೆಯ ಬೇಸಿಗೆ. ಊಟಕ್ಕೆ, ನಿದ್ದೆಗೆ ಹೊತ್ತುಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, "ನಮ್ಮೂರ ವರತಿ ನೀರು ಒಂದ್ ತಂಬಿಗಿ ತಂದ್ ಕೊಡ," ಎಂದಳು.

"ಯಾವ ನಮ್ಮೂರಬೇ? ಮುಳ್ಳು ಹಾಕಿದ ಊರೇನ?"

"ಹೂಂ, ಅದ. ಮುಳ್ಳು ಹಾಕಿದವ್ರು ಸತ್ತ್ ಹೋದ್ರು. ಹೊಳಿ ಏನ್ ಮಾಡಿತ್ತು?"

ಮರುದಿನ ಮೊದಲ ಬಾರಿಗೆ ಹಾನಗಲ್ಲಿನಲ್ಲಿ ಇಳಿದೆ. ಹೊಳೆಯಲ್ಲಿ ಉಸುಕೇ ಇರಲಿಲ್ಲ, ಯಾವಾಗಲೋ ತುಂಬಿ ಒಯ್ದಿದ್ದರು. ಮೇಲಿನ ಜಾಗ ಯಾವುದು, ಕೆಳಗಿನದು ಯಾವುದು, ಗುರುತೇ ಸಿಗಲಿಲ್ಲ. ಗುಂಡಿಗಳಲ್ಲಿ ಕಪ್ಪು ನೀರು, ಪ್ಲಾಸ್ಟಿಕ್ಕು. ಅದನ್ನು ಯಾರೂ ಯಾರಿಂದಲೂ ಕಾಯುತ್ತಿರಲಿಲ್ಲ. ತಡಸಕ್ಕೆ ಮರಳಿ, ಅಂಗಳದ ನಳದ ನೀರು ತುಂಬಿ, ಹೊಳೆಯದೆಂದು ಹೇಳಿ ಅವ್ವನ ಬಾಯಿಗೆ ಹಿಡಿದೆ.

ಒಂದು ಗುಟುಕು ಕುಡಿದು, ನಾಲಗೆಯ ಮೇಲೆ ಇಟ್ಟುಕೊಂಡು ನೋಡಿದಳು.

"ಇದು ನಮ್ಮೂರ ನೀರಲ್ಲ," ಎಂದಳು.

ನಾನು ತಂಬಿಗೆ ಕೆಳಗಿಟ್ಟೆ. ಅಷ್ಟೆಲ್ಲ ಆದಮೇಲೂ ನಮ್ಮೂರು ಎನ್ನಲು ಅವಳಿಗೆ ಬಾಯಿ ಬರುತ್ತಿತ್ತು. ನನಗೆ ಹಾಗೆನ್ನುವ ಬಾಯಿ ಹನ್ನೊಂದನೆಯ ವಯಸ್ಸಿಗೇ ಹೋಗಿತ್ತು.