ಗುಂಡುಸೂಜಿ ಮಾಡಿದ ಗಟ್ಟಿ ಸೀಟು

ನನ್ನ ತಮ್ಮನ ಮಗಳಿಗೆ ಗುಂಡುಸೂಜಿ ಎಂದು ಹೆಸರಿಟ್ಟವಳು ನಾನೇ. ಕಡ್ಡಿಯಂಥ ಮೈ, ಚುಚ್ಚುವಂಥ ಮಾತು. ಇವತ್ತು ಅವಳ ವರ್ಕ್‌ಶಾಪಿನ ಮುಂದೆ ಬೆಳಗಾದರೆ ಗಾಲಿಕುರ್ಚಿಗಳ ಸಾಲು. ದೊಡ್ಡ ದೊಡ್ಡ ಡಾಕ್ಟರುಗಳು ಫೋನ್ ಮಾಡಿ ಅವಳ ಬಿಡುವು ಕೇಳುತ್ತಾರೆ. ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಕೇಳದವರಿಗೂ ಹೇಳುತ್ತೇನೆ.

ಹಾಗಂತ ಅವಳೇನೂ ಸೇವೆಗೆಂದೇ ಹುಟ್ಟಿದವಳಲ್ಲ. ಸೇವೆ ಎಂದರೆ ಮೂಗು ಮುರಿಯುತ್ತಿದ್ದಳು. ಓದುತ್ತಿದ್ದದ್ದು ಲೆಕ್ಕಶಾಸ್ತ್ರ. ಮಗಳು ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರುತ್ತಾಳೆಂದು ನನ್ನ ತಮ್ಮ ಆಗಲೇ ಊರೆಲ್ಲ ಸಾರಿದ್ದ. ಕೊನೆಯ ವರ್ಷ ಶನಿವಾರಗಳಂದು ಎಲ್ಲರೂ ಎಲ್ಲಾದರೂ ಹೋಗಿ ಕೈಲಾದ ಕೆಲಸ ಮಾಡಬೇಕೆಂದು ಕಾಲೇಜಿನಲ್ಲಿ ನಿಯಮ. ಜಾಗ ಆರಿಸುವ ದಿನ ಇವಳು ಮನೆಯಲ್ಲಿ ಮಲಗಿದ್ದಳು. ಲೈಬ್ರರಿ, ಉದ್ಯಾನ ಎಲ್ಲ ಗೆಳತಿಯರ ಪಾಲಾಗಿ, ಇವಳಿಗೆ ಉಳಿದದ್ದು ಅಂಗವಿಕಲ ಮಕ್ಕಳ ಹಗಲು ಕೇಂದ್ರ.

“ನನ್ನ ಹಣೆಬರಹ ಅತ್ತೆ, ಶನಿವಾರದ ನಿದ್ದೆಗೂ ಕಲ್ಲು ಬಿತ್ತು” ಎಂದು ಗೊಣಗುತ್ತಲೇ ಹೋದಳು.

ಕೇಂದ್ರವೆಂದರೆ ಹಳೆಯ ಗೋದಾಮು. ನೆಲದ ಮೇಲೆ ನೀಲಿ ಹಾಸಿಗೆಗಳು, ಗೋಡೆಗುಂಟ ಹಿಡಿದು ನಡೆಯುವ ಕಂಬಿಗಳು. ಅಲ್ಲಿ ಎಂಟು ವರ್ಷದ ಒಬ್ಬ ಹುಡುಗಿ. ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಅವಳ ಬೆನ್ನಿಗೆ ಬಲವಿರಲಿಲ್ಲ. ಎರಡೂ ಅಂಗೈಯನ್ನು ಕುರ್ಚಿಗೆ ಒತ್ತಿ ಹಿಡಿದರೆ ಮಾತ್ರ ಕೂರುತ್ತಿದ್ದಳು. ಮೂಗು ಕೆರೆದುಕೊಳ್ಳಲು ಒಂದು ಕೈ ತೆಗೆದರೂ ಜಾರುತ್ತಿದ್ದಳು. ಅವಳಿಗಿದ್ದ ಆಸೆ ಒಂದೇ, ಪಕ್ಕದ ಬೀದಿಯ ಶಾಲೆಗೆ ಸೇರುವುದು.

ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು: “ಒಂದು ಪೀರಿಯಡ್ ಯಾರೂ ಹಿಡ್ಕೊಳ್ದೆ ಕೂತ್ರೆ ಸೇರಿಸ್ಕೊಳ್ತೀನಿ. ಬಿದ್ದು ಏಟು ಮಾಡ್ಕೊಂಡ್ರೆ ಯಾರಮ್ಮ ಜವಾಬ್ದಾರಿ?”

ಗುಂಡುಸೂಜಿ ಮನೆಗೆ ಬಂದವಳೇ, “ಅಪ್ಪ, ಒಂದು ಸೀಟು ಬೇಕು” ಎಂದಳು. ನಮ್ಮದು ಸೋಫಾ ಅಂಗಡಿ. ತಮ್ಮ ಮರದ ಚೌಕಟ್ಟು ಕೂಡಿಸುತ್ತಾನೆ, ನಾನು ಹೊದಿಕೆ ಹೊಲಿಯುತ್ತೇನೆ. ಗಿರಾಕಿ ಕೂತ ತಕ್ಷಣ “ಅಬ್ಬಾ” ಎಂದು ಒಳಗೆ ಹೂತುಹೋಗಬೇಕು, ಅದೇ ನಮ್ಮ ಮರ್ಯಾದೆ. ತಮ್ಮ ಇದ್ದುದರಲ್ಲೇ ಮೆತ್ತನೆಯ ಸ್ಪಂಜು ಹಾಕಿದ. ನಾನು ಹಳದಿ ವೆಲ್ವೆಟ್ ತೊಡಿಸಿದೆ. ರೇಡಿಯೋಳನ್ನು ಕರೆದುಕೊಂಡು ಮೂವರೂ ಮದುವೆಗೆ ಹೊರಟವರ ಹಾಗೆ ಶಾಲೆಗೆ ಹೋದೆವು.

ಕಿಟಕಿಯ ಹೊರಗೆ ನಿಂತು ನೋಡಿದೆವು. ಟೀಚರ್ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ರೇಡಿಯೋ ಸೀಟಿನೊಳಗೆ ಮುಳುಗಿ, ಪಕ್ಕಕ್ಕೆ ವಾಲಿ, ಡೆಸ್ಕಿನ ಮೇಲೆ ಗಲ್ಲ ಊರಿದ್ದಳು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. “ಪಾಪ, ಮುಂದಿನ ವರ್ಷ ನೋಡೋಣ” ಎಂದರು ಹೆಡ್‌ಮಿಸ್. ಗೇಟು ಮುಟ್ಟುವ ತನಕ ರೇಡಿಯೋ ತುಟಿ ಪಿಟಕ್ ಎನ್ನಲಿಲ್ಲ.

ಗುಂಡುಸೂಜಿ ಮಾತ್ರ ಗೇಟಿನಿಂದ ಹಿಂದಕ್ಕೆ ಓಡಿ ಹೆಡ್‌ಮಿಸ್‌ರನ್ನು ಅಡ್ಡಗಟ್ಟಿದಳು.

“ತಪ್ಪು ಸೀಟಿಂದು ಮಿಸ್, ಮಗೂದಲ್ಲ. ಇನ್ನೊಂದು ಸಲ ಕೊಡಿ.”

“ಸೋಮವಾರ. ಅದೇ ಕೊನೆ” ಎಂದರು ಅವರು.

ಆಮೇಲೆ ಅವಳು ಶನಿವಾರಕ್ಕೆ ಕಾಯಲಿಲ್ಲ. ದಿನಾ ಕಾಲೇಜು ಬಿಟ್ಟ ಕೂಡಲೇ ಕೇಂದ್ರಕ್ಕೆ. ರೇಡಿಯೋಳನ್ನು ಹಾಸಿಗೆಯ ಮೇಲೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಬೆಂಚಿನ ಮೇಲೆ ಕೂರಿಸಿ ನೋಡಿದಳು. ಕೊನೆಗೆ ಕಲ್ಲಿನ ಮೆಟ್ಟಿಲ ಮೂಲೆಯಲ್ಲಿ, ಎರಡೂ ಪಕ್ಕಕ್ಕೆ ಪುಸ್ತಕದ ಚೀಲ ಒತ್ತಿಟ್ಟಾಗ, ಮಗು ನೆಟ್ಟಗೆ ಕೂತಿತು. ಅಲ್ಲಿ ವ್ಯಾಯಾಮ ಮಾಡಿಸುವ ಮೇಡಮ್ಮೂ ಹೌದೆಂದು ತಲೆಯಾಡಿಸಿದರು.

“ಮೆತ್ತಗಾದಷ್ಟೂ ಅವಳು ಮುಳುಗ್ತಾಳೆ ಅಪ್ಪ. ನಾವು ಸುಸ್ತಾದವ್ರಿಗೆ ಸೀಟು ಮಾಡೋರು. ಅವಳಿಗೆ ಕೆಲಸ ಇದೆ!”

ತಮ್ಮ ಕೆಂಡವಾದ. “ನನ್ನ ಅಂಗಡಿಯಿಂದ ಹಲಗೆಯಂಥ ಸೀಟು ಹೊರಗೆ ಹೋದ್ರೆ ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?”

ನನ್ನ ಸಿಟ್ಟು ನೆತ್ತಿಗೇರಿತು. “ನಿನ್ನ ತಲೆ ಆಮೇಲೆ ಎತ್ತು. ಮೊದ್ಲು ಆ ಮಗೂ ತಲೆ ನೆಟ್ಟಗೆ ನಿಲ್ಲಲಿ” ಎಂದು, ನಾನೇ ಹೊಲಿದ ವೆಲ್ವೆಟ್ಟಿಗೆ ನಾನೇ ಕತ್ತರಿ ಹಾಕಿ ಸ್ಪಂಜನ್ನು ಹೊರಗೆಳೆದೆ. ತಮ್ಮ ಮುಖ ಊದಿಸಿಕೊಂಡೇ ಪ್ಲೈವುಡ್ ಅಳೆಯಲು ಕೂತ. ಸೊಂಟ ಕೂರುವಲ್ಲಿ ಕೊಂಚ ತಗ್ಗು, ಎರಡೂ ಪಕ್ಕಕ್ಕೆ ಗಟ್ಟಿ ದಿಂಬು, ಹೊಟ್ಟೆಗೆ ಅಗಲದ ಪಟ್ಟಿ. ಅಳತೆಯೆಲ್ಲ ಗುಂಡುಸೂಜಿಯದು, ಮೇಲಿನ ಹಳದಿ ವೆಲ್ವೆಟ್ ಮತ್ತೆ ನನ್ನದು.

ಸೋಮವಾರ ಮತ್ತೆ ಅದೇ ಕಿಟಕಿ. ಈ ಸಲ ರೇಡಿಯೋಳ ಅಮ್ಮನೂ ಲಾಂಡ್ರಿ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ತಮ್ಮ ನೋಡಲಾಗದೆ ಗೋಡೆಯ ಕಡೆ ತಿರುಗಿದ್ದ. ಲೆಕ್ಕ ಮುಗಿಯಿತು, ಪಾಠ ಶುರುವಾಯಿತು, ಮಗು ಕೂತೇ ಇತ್ತು. ಆದರೆ ಎರಡೂ ಅಂಗೈ ಇನ್ನೂ ಸೀಟನ್ನು ಅದುಮಿಕೊಂಡೇ ಇದ್ದವು, ಹಳೆಯ ಭಯ. ಟೀಚರ್ ಕೇಳಿದರು: “ಬಿದ್ದ ಮಳೆನೀರೆಲ್ಲ ಎಲ್ಲಿಗೆ ಹೋಗತ್ತೆ?”

ಒಂದು ಕೈ ಮೇಲೆದ್ದಿತು. ಆತುರ ತಡೆಯಲಾರದೆ ಇನ್ನೊಂದು ಕೈಯೂ ಎದ್ದಿತು. “ಮಿಸ್, ಮಿಸ್, ನಾನು! ನಮ್ಮನೆ ಒಳಕ್ಕೆ!”

ಇಡೀ ಕ್ಲಾಸು ಗೊಳ್ಳೆಂದಿತು. ಟೀಚರೂ ನಕ್ಕರು, ರೇಡಿಯೋಳೂ ನಕ್ಕಳು. ಎರಡೂ ಕೈ ಗಾಳಿಯಲ್ಲಿಟ್ಟುಕೊಂಡು ಮೈಯೆಲ್ಲ ಕುಲುಕಿಸಿ ನಕ್ಕಳು, ಬೀಳಲಿಲ್ಲ. ಗಂಟೆ ಹೊಡೆಯುವ ಮೊದಲೇ ಹೆಡ್‌ಮಿಸ್ ಹಾಜರಿ ಪುಸ್ತಕಕ್ಕೆ ಅವಳ ಹೆಸರು ಸೇರಿಸಿಬಿಟ್ಟರು. ಅವಳ ಅಮ್ಮ ನನ್ನನ್ನು ಅಪ್ಪಿಕೊಂಡಳು. ನಾನು ಎಲ್ಲರ ಮುಂದೆ ಗಟ್ಟಿಯಾಗಿ ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಗುಂಡುಸೂಜಿ ಅಳಲಿಲ್ಲ. “ಪಕ್ಕದ ದಿಂಬು ಇನ್ನೂ ಒಂದು ಬೆರಳು ಎತ್ತರ ಆಗ್ಬೇಕು” ಎಂದಳು. ಬ್ಯಾಂಕಿನ ಫ್ಯಾನು ನಮ್ಮ ಕೈತಪ್ಪಿತೆಂದು ತಮ್ಮನಿಗೂ ನನಗೂ ಆಗಲೇ ಗೊತ್ತಾಯಿತು. ಡಿಗ್ರಿ ಮುಗಿಸಿ ಅವಳು ಮತ್ತೆ ಓದಿದಳು, ಈ ಸಲ ಬೆನ್ನು, ಸೊಂಟ, ಮೂಳೆಗಳ ಪಾಠ. ಆಮೇಲೆ ಸೋಫಾ ಅಂಗಡಿಯ ಅರ್ಧವನ್ನು ಕಿತ್ತುಕೊಂಡು ಕೂತಳು. ಈಗ ಅವಳದು ಮುಕ್ಕಾಲು, ನಮ್ಮದು ಕಾಲು.

ಅಲ್ಲಿ ಒಂದು ಪದ್ಧತಿಯಿದೆ. ಮಗು ಎರಡೂ ಕೈ ಮೇಲೆತ್ತಿ ಜೋರಾಗಿ ನಗುವ ತನಕ ಯಾವ ಸೀಟೂ ಬಾಗಿಲು ದಾಟುವಂತಿಲ್ಲ. ಶನಿವಾರ ಮುಖ ಗಂಟಿಕ್ಕಿಕೊಂಡು ಬರುವ ಕಾಲೇಜು ಮಕ್ಕಳಿಗೆ ಮೊದಲ ಕೆಲಸ ನಗಿಸುವುದೇ. ಅವರಲ್ಲೆಲ್ಲ ಗಟ್ಟಿಗಿತ್ತಿ, ಈಗ ಅದೇ ಕಾಲೇಜಿನಲ್ಲಿ ಓದುತ್ತಿರುವ ರೇಡಿಯೋ. ಅವಳು ಗಾಲಿ ಉರುಳಿಸಿಕೊಂಡು ಒಳಗೆ ಬಂದರೆ ಸಾಕು, ಮಕ್ಕಳ ಕೈಗಳು ತಾವಾಗಿಯೇ ಮೇಲೇಳುತ್ತವೆ. ಅವಳ ಸೀಟಿಗೆ ಇವತ್ತಿಗೂ ಹಳದಿ ವೆಲ್ವೆಟ್ಟೇ ಆಗಬೇಕು, ನಾನೇ ಹೊಲಿಯಬೇಕು.