ಮೆತ್ತಿ ಬ್ಯಾಂಕಿನ ಬುಟ್ಟಿ

ಹಸಿ ಬಿದಿರು ಸೀಳಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ತುಸು ಸಿಹಿ, ತುಸು ಒಗರು, ಮೂಗಿಗಿಂತ ಗಂಟಲಿಗೇ ಹೆಚ್ಚು ತಿಳಿಯುವ ವಾಸನೆ. ಮೊನ್ನೆ ಶಿರಸಿ ಸಂತೆಯಲ್ಲಿ ಮೊಮ್ಮಗಳಿಗೆಂದು ಸಣ್ಣ ಬುಟ್ಟಿಯೊಂದನ್ನು ಕೊಂಡು ಮೂಗಿಗೆ ಹಿಡಿದವಳು ಅಲ್ಲೇ, ನಡುದಾರಿಯಲ್ಲೇ, ನಿಂತುಬಿಟ್ಟೆ. ಹೌದು, ನನಗೆ ಮೊಮ್ಮಗಳಿದ್ದಾಳೆ! ಎರಡೂವರೆ ವರ್ಷ. ನಲವತ್ತೈದಕ್ಕೇ ಅಜ್ಜಿಯಾದಳು ಎಂದು ನಗುವವರು ನಗಲಿ, ನಾನು ಅವರಿಗಿಂತ ಜೋರಾಗಿ ನಗುತ್ತೇನೆ. ಓದಿದ್ದು ಏಳನೇ ಇಯತ್ತೆ. ಬರೆದು ರೂಢಿಯಿಲ್ಲದ ಕೈ. ಆದರೂ ಈ ಬುಟ್ಟಿಯ ಕಥೆಯನ್ನು ನಾನು ಬರೆಯದಿದ್ದರೆ ಇನ್ನು ಬರೆಯುವವರಿಲ್ಲ. ನೋಡಿದವರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಾನು ಹುಟ್ಟಿ ಬೆಳೆದದ್ದು ಒಂದು ಬ್ಯಾಂಕಿನ ಮೆಟ್ಟಿಲ ಕೆಳಗೆ. ಶಿರಸಿ ಪೇಟೆಯ ಹಳೇ ಮಾಳಿಗೆಯೊಂದರ ಮೇಲಿತ್ತು ಅದು. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿತ್ತು, ಊರಿನವರಿಗೆ ಮಾತ್ರ ಅದು ಮೆತ್ತಿ ಬ್ಯಾಂಕು; ಮಹಡಿಗೆ ನಮ್ಮ ಕಡೆ ಮೆತ್ತಿ ಎನ್ನುತ್ತಾರೆ. ದೊಡ್ಡ ಬ್ಯಾಂಕುಗಳ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಹಾಕಿಕೊಂಡೇ ಹೋಗಬೇಕೋ ತಿಳಿಯದೆ ವಾಪಸು ಬರುತ್ತಿದ್ದ ಪೇಟೆಯ ಸಣ್ಣ ಜನ, ಅಂದರೆ ದರ್ಜಿಗಳು, ಹೂವಿನವರು, ಲಾರಿ ಡ್ರೈವರುಗಳು, ಬಳೆಗಾರರು, ತಮಗೆ ತಾವೇ ಕಟ್ಟಿಕೊಂಡ ಬ್ಯಾಂಕು. ಮೊದಮೊದಲು ಕುರ್ಚಿಗಳನ್ನು ಪಕ್ಕದ ಹೋಟೆಲಿನಿಂದ ಎರವಲು ತಂದಿದ್ದರಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋಟೆಲಿನವರು ಬಂದು ಕುರ್ಚಿ ಒಯ್ದರೆ ಬ್ಯಾಂಕಿನವರು ನಿಂತೇ ಕೆಲಸ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಅಪ್ಪನ ಎದೆ ಉಬ್ಬುತ್ತಿತ್ತು. ಅಪ್ಪ ಅಲ್ಲಿ ಸಿಪಾಯಿ. ಮೇಲೆ ಹೋಗಲು ಇಪ್ಪತ್ತೆರಡು ಮರದ ಮೆಟ್ಟಿಲು, ನಡುವೆ ತುಳಿದು ತುಳಿದು ಬೋಗುಣಿಯಂತೆ ತಗ್ಗಾದವು. ಕಂಬಿಯ ಬದಲು ಒಂದು ದಪ್ಪ ಹಗ್ಗ. ಆ ಮೆಟ್ಟಿಲ ಕೆಳಗಿನ ಎರಡು ಕೋಣೆ ನಮ್ಮ ಮನೆ. ಬೆಳಿಗ್ಗೆ ಹತ್ತಾದರೆ ತಲೆಯ ಮೇಲೆ ಕಾಲುಗಳ ಸದ್ದು. ಯಾರು ಹತ್ತಿದರು, ಯಾರು ಇಳಿದರು, ಯಾರಿಗೆ ಮೊಣಕಾಲು ನೋವು ಎಲ್ಲವೂ ನನಗೆ ಸದ್ದಿನಿಂದಲೇ ತಿಳಿಯುತ್ತಿತ್ತು.

ಅವ್ವನ ಕಾಲಿನ ಸದ್ದು ಮಾತ್ರ ಆ ಮೆಟ್ಟಿಲ ಮೇಲೆ ಕೇಳಿದ್ದಿಲ್ಲ. ಅವಳು ಕೋಲಸಿರ್ಸಿಯವಳು, ಹೆಸರು ಗೌರಿ. ಚಿಕ್ಕಂದಿನಲ್ಲಿ ಬಂದ ಜ್ವರ ಬಲಗಾಲನ್ನು ಸಣ್ಣಗೆ ಮಾಡಿ ಬಿಟ್ಟುಹೋಗಿತ್ತು. ತವರಿನಿಂದ ಬುಟ್ಟಿ ಹೆಣೆಯುವ ಕೈ ತಂದಿದ್ದಳು. ಮದುವೆಯಾದ ಹೊಸತರಲ್ಲಿ ಅಪ್ಪನಿಗೆ ಬಿಸಿ ಊಟ ಕಳಿಸುವ ಆಸೆ ಅವಳಿಗೆ. ಕೆಲಸದ ಹೊತ್ತಿನಲ್ಲಿ ಬಾಗಿಲು ಬಿಟ್ಟು ಇಳಿಯುವ ಹಾಗಿಲ್ಲ ಅವನಿಗೆ. ಒಂದು ಬುಟ್ಟಿ ಹೆಣೆದಳು, ದನದ ಕೊರಳ ಗಂಟೆಯೊಂದನ್ನು ಕಟ್ಟಿದಳು, ಅಪ್ಪ ಬೀದಿ ಕಡೆಯ ಕಿಟಕಿಯಿಂದ ಹಗ್ಗ ಇಳಿಬಿಟ್ಟ. ಊಟ ಮೇಲೆ ಹೋಗುತ್ತಿತ್ತು, ಮೇಲಿನಿಂದ ಅರ್ಧ ಲೋಟ ಚಹಾ ಕೆಳಗೆ ಬರುತ್ತಿತ್ತು. ಅವರಿಬ್ಬರು ಒಬ್ಬರಿಗೊಬ್ಬರು ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ, ಆ ಲೋಟ ತುಳುಕದ ಹಾಗೆ ಹಗ್ಗ ಬಿಡುತ್ತಿದ್ದ ಅಪ್ಪನ ಕೈಯನ್ನು ನೋಡಿದ್ದೇನೆ.

ಆಮೇಲೆ ಬಳೆ ಮಾರುವ ಖತೀಜಾಬಿ ಒಂದು ದಿನ ಮೊಣಕಾಲು ಹಿಡಿದು ಕುಳಿತವಳು, "ಗೌರಕ್ಕ, ನಿನ್ನ ಗಂಡನ ಅನ್ನದ ಸಂಗಡ ನನ್ನ ಪಾಸ್‌ಬುಕ್ಕೂ ಹೋಗ್ಲಿ, ಅದಕ್ಕೇನು ಹೊಟ್ಟೆ ಇಲ್ಲ, ತಿನ್ನೂದಿಲ್ಲ" ಎಂದು ಬುಟ್ಟಿಗೆ ಹಾಕಿದಳು. ಪಾಸ್‌ಬುಕ್ಕಿನ ಅಡಿಯಲ್ಲಿ ಅವಳು ಆಗಷ್ಟೇ ಕೊಂಡ ಒಣಮೀನಿನ ಪೊಟ್ಟಣವೂ ಮರೆತು ಹೋಯಿತು. ಮೇಲೆ ಕ್ಯಾಶಿಯರ್ ಹೆಗಡೆಯವರು, ಬೆಳ್ಳುಳ್ಳಿಯನ್ನೂ ಮುಟ್ಟದ ಜನ, ಪೊಟ್ಟಣ ಬಿಚ್ಚಿದ್ದೇ ಕಿಟಕಿಗೆ ಬಂದು ಮೂಗು ಮುಚ್ಚಿಕೊಂಡು ಕೂಗಿದರು: "ಎಂತ ಮಾರಾಯ್ತಿ! ಮೀನಿಗೂ ಒಂದು ಖಾತೆ ತೆಗ್ದು ಕೊಡ್ಲನಾ?" ಬೀದಿಗೆ ಬೀದಿಯೇ ನಕ್ಕಿತು. ಬೈದವರು ಪಾಸ್‌ಬುಕ್ಕನ್ನು ಬರೆದೇ ಕಳಿಸಿದರು. ಮೀನನ್ನೂ ಕಳಿಸಿದರು, ಎರಡು ಬೆರಳಲ್ಲಿ ಹಿಡಿದು. ಅಲ್ಲಿಂದ ನಮ್ಮ ಬಾಗಿಲ ಮುಂದಿನ ಬೆಂಚೇ ಕೆಳಗಿನ ಕೌಂಟರಾಯಿತು. ಮೆಟ್ಟಿಲು ಹತ್ತಲಾರದವರು, ಹೊತ್ತ ಬುಟ್ಟಿ ಇಳಿಸಿ ಹೋಗಲಾರದ ತರಕಾರಿಯವರು, ಬಸುರಿಯರು, ಮುದುಕಿಯರು ಗಂಟೆ ಬಾರಿಸುವುದು, ಹೆಗಡೆಯವರು ಕಿಟಕಿಯಿಂದ ಇಣುಕಿ ಮುಖ ನೋಡುವುದು, "ಅಡ್ಡಿಲ್ಲೆ, ಅವಳೇ" ಎನ್ನುವುದು. ಗುರುತಿನ ಚೀಟಿ ಎಂದರೆ ಅಷ್ಟೇ, ಅವರ ಕಣ್ಣು.

ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಶೇರುದಾರರ ಸಭೆ. ಶೇರು ಒಂದಿರಲಿ ನೂರಿರಲಿ, ತಲೆಗೆ ಒಂದೇ ಮತ. ಅವ್ವನ ಹೆಸರಿನಲ್ಲೂ ಒಂದು ಶೇರಿತ್ತು. ಅದರ ಕಾಗದ ಕಟ್ಟು ಹಾಕಿಸಿಕೊಂಡು ದೇವರ ಪಟದ ಪಕ್ಕ ತೂಗುತ್ತಿತ್ತು. ಸಭೆ ನಡೆಯುವುದು ಮೇಲೆ. ಕೆಳಗಿನ ಹೆಂಗಸರು ಬುಟ್ಟಿಯಲ್ಲಿ ತಲೆಗೊಂದು ಅಡಿಕೆ ಇಟ್ಟು ಕಳಿಸುತ್ತಿದ್ದರು. ಅಡಿಕೆ ಬಂತೆಂದರೆ ಒಪ್ಪಿಗೆ ಬಂತು ಎಂದರ್ಥ. ನಿಯಮದ ಪುಸ್ತಕದಲ್ಲಿ ಹೀಗೆಂದು ಇರಲಿಲ್ಲ. ಅಡಿಕೆ ಪೇಟೆಯಲ್ಲಿ ಅಡಿಕೆಯ ಮಾತನ್ನು ಅಲ್ಲಗಳೆಯುವವರೂ ಇರಲಿಲ್ಲ. ಸಭೆ ಮುಗಿದ ಮೇಲೆ ಅದೇ ಅಡಿಕೆಯನ್ನು ಮೇಲಿದ್ದವರು ಕತ್ತರಿಸಿ ಎಲೆ ಹಾಕುತ್ತಿದ್ದರು.

ನಾನು ಶಾಲೆ ಬಿಟ್ಟ ವರ್ಷ ಬ್ಯಾಂಕಿಗೆ ಹೊಸ ಅಧ್ಯಕ್ಷರು ಬಂದರು. ನಮ್ಮ ಬ್ಯಾಂಕನ್ನು ಹೊರ ಊರಿನ ದೊಡ್ಡ ಬ್ಯಾಂಕಿನಲ್ಲಿ ಸೇರಿಸಿಬಿಡುವ ಮಾತು ತೆಗೆದರು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಕಟ್ಟಡ, ಗಾಜಿನ ಬಾಗಿಲು, ಒಂದು ಮೆಟ್ಟಿಲೂ ಇಲ್ಲ. ಅವರೇ ಕೆಳಗೆ ಬಂದು ಬೆಂಚಿನವರಿಗೆಲ್ಲ ಹೇಳಿದರು: "ನಿಮ್ಮಂಥವರ ಸಲುವಾಗೇ ಮಾಡ್ತಾ ಇರೂದು. ಇನ್ನು ಬುಟ್ಟಿ ಎಳಿಯೋ ಕರ್ಮ ಇಲ್ಲ." ಅವ್ವ ಬಿದಿರು ಸೀಳುತ್ತಲೇ ಕೇಳಿದಳು: "ಅಲ್ಲಿ ಕಿಟಕಿಯಿಂದ ಯಾರು ಇಣುಕ್ತಾರೆ ಸಾಹೇಬ್ರೇ?" ಅವರಿಗೆ ಅರ್ಥವಾಗಲಿಲ್ಲ. ನಕ್ಕು ಹೋದರು. ಹೋಗುವಾಗ ಅಪ್ಪನನ್ನು ಬದಿಗೆ ಕರೆದು, ಹೊಸ ಬ್ಯಾಂಕಿನಲ್ಲೂ ಸಿಪಾಯಿ ಕೆಲಸ ಅವನದೇ, ಕೆಳಗಿನವರು ಮೇಲೆ ಬಂದು ಗಲಾಟೆ ಮಾಡದ ಹಾಗೆ ನೋಡಿಕೊಂಡರೆ ಸಾಕು ಎಂದರು.

ಅಂದು ಊಟಕ್ಕೆ ಕುಳಿತಾಗ ಅಪ್ಪ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

"ನೀ ಸುಮ್ನೆ ಕೂತ್ಕ ಮಾರಾಯ್ತಿ. ಕೆಲಸ ಹೋದ್ರೆ ಈ ಎರಡು ಕೋಣೆನೂ ಹೋಗ್ತದೆ."

"ಬ್ಯಾಂಕು ಹೋದ್ರೆ ಕೋಣೆ ಉಳೀತದನಾ?"

"ಕಾಲು ಬರದವಳು ಎಂತ ಮಾಡ್ತೆ ನೀನು?"

ಹೇಳಬಾರದ್ದನ್ನು ಹೇಳಿದೆನೆಂದು ಅಪ್ಪನಿಗೆ ಆಗಲೇ ತಿಳಿಯಿತು. ಅವ್ವ ಸಿಟ್ಟು ಮಾಡಲಿಲ್ಲ. ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿ, "ಕಾಲಿಗೆ ಶೇರು ಕೊಟ್ಟಿದ್ದಲ್ಲ ಅವ್ರು, ಗೌರಿಗೆ ಕೊಟ್ಟಿದ್ದು" ಎಂದಳು.

ಸಭೆಯ ದಿನ ಬೆಂಚಿನ ಹತ್ತಿರ ಅವ್ವನೂ ಸೇರಿ ಹನ್ನೊಂದು ಜನ ಹೆಂಗಸರು. ಹನ್ನೊಂದು ಅಡಿಕೆ ಬುಟ್ಟಿಯಲ್ಲಿಟ್ಟು, "ಈ ಸಲ ಒಪ್ಪಿಗೆ ಇಲ್ಲ ಹೇಳಿ ಹೇಳು" ಎಂದು ಕಿಟಕಿಗೆ ಕೂಗಿ ಗಂಟೆ ಬಾರಿಸಿದರು. ಬುಟ್ಟಿ ಮೇಲೆ ಹೋಯಿತು. ಬಹಳ ಹೊತ್ತಿನ ಮೇಲೆ ಇಳಿಯಿತು. ಅಡಿಕೆ ಹನ್ನೊಂದೂ ಹಾಗೇ ಇದ್ದವು. ಹೆಗಡೆಯವರು ಕಿಟಕಿಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಹೇಳಿದರು: "ಅಧ್ಯಕ್ಷರು ಅಡಿಕೆಗೆ ಕೈ ಇಲ್ಲ ಹೇಳ್ತ್ರು ತಂಗೀ. ಒಳಗೆ ಬಂದು ಕೈ ಎತ್ತಿದವರದ್ದು ಮಾತ್ರ ಲೆಕ್ಕ. ಹನ್ನೊಂದು ಗಂಟೆಗೆ ಬಾಗಿಲು ಹಾಕ್ತ."

ಹೂವಿನವಳ ಮಗ ಕುರ್ಚಿ ತಂದು, ಕೂರಿಸಿ ಹೊತ್ತೊಯ್ಯುತ್ತೇವೆ ಎಂದ. ಅವ್ವ ಒಪ್ಪಲಿಲ್ಲ. "ಹೊರೆ ಆಗಿ ಹೋದ್ರೆ ಹೊರೆ ಅಂತಾನೇ ಲೆಕ್ಕ ಹಿಡೀತಾರೆ" ಎಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕುಳಿತಳು. ಎರಡೂ ಅಂಗೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ಎಡಗಾಲು ಒತ್ತಿ, ಮೈಯನ್ನು ಮೇಲಕ್ಕೆ ಎಳೆದುಕೊಂಡಳು. ಒಂದು. ನಾನು ಎಣಿಸತೊಡಗಿದೆ. ಎಂಟರ ಹೊತ್ತಿಗೆ ಬೆನ್ನಿನ ರವಿಕೆ ನೆನೆದಿತ್ತು. ಹನ್ನೆರಡರಲ್ಲಿ ನಿಂತಳು, ಉಸಿರು ಸಿಕ್ಕುತ್ತಿರಲಿಲ್ಲ. ಕೆಳಗಿನಿಂದ ಖತೀಜಾಬಿ, "ಹತ್ತೇ ಗೌರಕ್ಕ, ನಿನ್ನ ಹಿಂದೆ ನಾನಿದ್ದೀನಿ, ಬಿದ್ರೆ ನನ್ನ ಮೇಲೇ ಬೀಳ್ತಿ, ನಾ ಮೆತ್ತಗಿದ್ದೀನಿ" ಎಂದಳು. ಅವ್ವನಿಗೆ ನಗು ಬಂತು. ನಗು ಬಂದದ್ದೇ ಉಸಿರೂ ಬಂತು. ಖತೀಜಾಬಿಯೂ ಹಾಗೇ ಕುಳಿತು ಹತ್ತಿದಳು, ಕೈತುಂಬ ಬಳೆಯ ಸದ್ದು ಮಾಡುತ್ತ. ಅವಳ ಹಿಂದೆ ಉಳಿದವರು. ಮೇಲೆ ಗಡಿಯಾರ ಹನ್ನೊಂದು ಹೊಡೆಯಿತು. ಅಧ್ಯಕ್ಷರು ಬಾಗಿಲು ಹಾಕು ಎಂದರು. ಅಪ್ಪ, ಜೀವಮಾನದಲ್ಲಿ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ಅಪ್ಪ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹೇಳಿದ: "ಕದ ಸಿಕ್ಕೊಂಡದೆ ಸಾಹೇಬ್ರೇ. ಬತ್ತಾ ಇಲ್ಲ." "ಎಳಿಯೋ!" ಎಂದರು ಅವರು. "ಎಳೀತಾನೇ ಇದ್ದೆ" ಎಂದ ಅಪ್ಪ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು.

ಇಪ್ಪತ್ತೆರಡು. ಅವ್ವ ಹೊಸಿಲ ಮೇಲೇ ಕುಳಿತು, ಒಪ್ಪಿಗೆ ಇಲ್ಲ ಎಂದು ಒಂದು ಕೈ ಎತ್ತಿದಳು. ಮೆಟ್ಟಿಲ ಧೂಳಿನಿಂದ ಕಪ್ಪಾದ ಕೈ. ಅವಳ ಹಿಂದೆ ಹತ್ತು ಕೈ. ಆಮೇಲೆ ಹೆಗಡೆಯವರು ಎದ್ದು ನಿಂತು ಎಣಿಸಿದರು, ಗಟ್ಟಿಯಾಗಿ. ಬ್ಯಾಂಕು ನಮ್ಮದಾಗಿಯೇ ಉಳಿಯಿತು, ಒಂಬತ್ತು ಕೈಗಳ ಅಂತರದಿಂದ. ಆ ದಿನ ಬುಟ್ಟಿಯಲ್ಲಿ ಚಹಾ ಕೆಳಗೆ ಬರಲಿಲ್ಲ. ಅಪ್ಪ ಅದನ್ನು ಹೊಸಿಲಿಗೇ ತಂದುಕೊಟ್ಟ, ತುಂಬಿದ ಲೋಟ.

ಹಾಗೆ ಉಳಿದ ಬ್ಯಾಂಕು ಇನ್ನೂ ಏಳೆಂಟು ವರ್ಷ ಬಾಳಿತು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಅವಳ ಹೆಸರಿನ ಪಾಸ್‌ಬುಕ್ಕೂ ಆ ಬುಟ್ಟಿಯಲ್ಲೇ ಮೇಲೆ ಹೋಯಿತು. ಕೊನೆಗೆ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ಸೇರಿಹೋದದ್ದು ಯಾವ ಸಭೆಯೂ ಇಲ್ಲದೆ, ಮೇಲಿನಿಂದ ಬಂದ ಒಂದು ಅಚ್ಚಾದ ಕಾಗದದಿಂದ. ಕೈ ಎತ್ತಲಿಕ್ಕೆ ಹೊಸಿಲೇ ಇರಲಿಲ್ಲ. ಗಾಜಿನ ಬಾಗಿಲಿನ ಬ್ಯಾಂಕಿಗೆ ಅವ್ವ ಒಂದೇ ಸಲ ಹೋದಳು, ನನ್ನ ಹೆಗಲು ಹಿಡಿದು. ಮೆಟ್ಟಿಲಿರಲಿಲ್ಲ, ನಿಜ. ಕೌಂಟರಿನ ಹುಡುಗಿ ತಲೆಯೆತ್ತದೆ ಹೆಸರು ಕೇಳಿದಳು. ಅವ್ವ ಹೆಸರು ಹೇಳಲಿಲ್ಲ. ಸೆರಗಿನ ಗಂಟಿನಿಂದ ಒಂದು ಅಡಿಕೆ ತೆಗೆದು ಅವಳೆದುರು ಇಟ್ಟು, ನನ್ನ ಕಡೆ ತಿರುಗಿ, "ಬಾ ಮಗಾ ಹೋಪ" ಎಂದಳು.

ಈಗ ಆ ಮಾಳಿಗೆಯಿಲ್ಲ. ಅದಿದ್ದಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ. ಅಪ್ಪ ಮೊದಲು ಹೋದ, ಹಿಂದೆಯೇ ಅವ್ವ. ಖತೀಜಾಬಿ, ಹೆಗಡೆಯವರು, ಬೆಂಚಿನ ಎಲ್ಲರೂ. ಸೋತಿರಿ ಅಲ್ಲವಾ ಕೊನೆಗೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಏಳೆಂಟು ವರ್ಷ ಎಂದರೆ ಎಷ್ಟು ಸಲ ಆ ಗಂಟೆ ಬಾರಿಸಿತು ಎಂದು ನೀವು ಎಣಿಸಿದ್ದೀರಾ? ನಾನು ಕೇಳಿಸಿಕೊಂಡಿದ್ದೇನೆ.

ಸಂತೆಯ ಬುಟ್ಟಿ ಹಿಡಿದು ಯಲ್ಲಾಪುರದ ಮಗಳ ಮನೆಗೆ ಹೋದೆ. ಅವರದು ಮೇಲಿನ ಮಹಡಿ. ಮೊಮ್ಮಗಳು ಅಜ್ಜೀ ಎಂದು ಕೂಗುತ್ತ ತನ್ನ ಅಪ್ಪನ ಕೈ ಹಿಡಿದು ಕೆಳಗೇ ಓಡಿಬಂದಳು. ಬುಟ್ಟಿ ಕಸಿದುಕೊಂಡಳು, ಮೂಸಿದಳು, ತಲೆಗೆ ಟೋಪಿಯಂತೆ ಹಾಕಿಕೊಂಡಳು. ಹತ್ತಿಸಲು ನಾನು ಎತ್ತಿಕೊಳ್ಳಹೋದರೆ, "ಬ್ಯಾಡ, ನಾನೇ" ಎಂದು ಕೈ ಕೊಡವಿದಳು. ಆಮೇಲೆ ಮೊದಲ ಮೆಟ್ಟಿಲ ಮೇಲೆ ನನ್ನ ಕಡೆ ಮುಖ ಮಾಡಿ ಕುಳಿತು, ಎರಡೂ ಪುಟ್ಟ ಅಂಗೈಯನ್ನು ಹಿಂದಕ್ಕೆ ಊರಿ, ಮೈಯನ್ನು ಮೇಲಕ್ಕೆ ಎಳೆದುಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಬುಟ್ಟಿ ಕಣ್ಣಿನ ಮೇಲೆ ಜಾರುತ್ತಿತ್ತು, ಅವಳು ನಗುತ್ತಿದ್ದಳು, ಹತ್ತುತ್ತಿದ್ದಳು. ನಾನು ಎಣಿಸಿದೆ. ಆ ಮನೆಗೆ ಇರುವುದು ಹದಿನಾಲ್ಕೇ ಮೆಟ್ಟಿಲು. ಅವಳು ಮೇಲೆ ಹೋಗಿ ಚಪ್ಪಾಳೆ ತಟ್ಟಿದ ಮೇಲೂ ನಾನು ಕೆಳಗೆ ನಿಂತು ಇಪ್ಪತ್ತೆರಡರವರೆಗೆ ಎಣಿಸಿ ಮುಗಿಸಿದೆ.