ಗೋಡೆಗೆ ನಮಸ್ಕಾರ

ಬಿಡದಿಯ ಕಾರ್ಖಾನೆಯ ನಮ್ಮ ಗೆಸ್ಟ್ ಹೌಸಿನಲ್ಲಿ ಜಪಾನಿ ಇಂಜಿನಿಯರೊಬ್ಬರ ಹೆಂಡತಿ ಇದ್ದರು. ಹಿಂದೆ ದೇಶದೇಶ ಸುತ್ತಿ ಟೆನಿಸ್ ಆಡಿ ಅದರಲ್ಲೇ ಬದುಕಿದವರು. ಮಣಿಕಟ್ಟಿಗೆ ಆಪರೇಷನ್ ಆದಮೇಲೆ ಆಟ ನಿಂತಿತ್ತು. ನಿಂತಿದೆ ಎಂದರೆ ಅವರು ಒಪ್ಪುತ್ತಿರಲಿಲ್ಲ. "ಒಸಿ ರೆಸ್ಟ್, ಅಷ್ಟೇ," ಎನ್ನುತ್ತಿದ್ದರು. ಆ 'ಒಸಿ' ನಮ್ಮ ಅಡುಗೆಯವಳು ಕಲಿಸಿದ್ದು.

ದಿನಾ ಬೆಳಿಗ್ಗೆ ಹಿತ್ತಲಿನ ಗೋಡೆಗೆ, ಎದುರಾಳಿಗೆಂಬಂತೆ, ತಲೆಬಾಗಿ ನಮಸ್ಕರಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತಕ್ಕೆ ಚೆಂಡು ಹೊಡೆಯುತ್ತಿದ್ದರು. ವೃತ್ತದ ಮೇಲ್ಗಡೆಯೇ ಕಿಟಕಿ. ಮ್ಯಾನೇಜರಾದ ನನಗೆ ಗಾಜಿನದೇ ಚಿಂತೆ. ಚಿಂತೆಗೆ ಸಂಬಳ ಕೊಡುವಂತಿದ್ದರೆ ನಾನು ಕಾರ್ಖಾನೆಯನ್ನೇ ಕೊಳ್ಳುತ್ತಿದ್ದೆ.

"ಆಯಮ್ಮನ ಚೆಂಡು ಗೆರೆ ದಾಟಾಕಿಲ್ಲ, ಸುಮ್ಕಿರಿ ಸಾ," ಎನ್ನುತ್ತಿದ್ದಳು ಅಡುಗೆಯವಳು.

ಒಂದು ದಿನ ಗಾಜು ಒಡೆಯಿತು. ನಾನೂ ಅಡುಗೆಯವಳೂ ಓಡಿದೆವು. ರಾಕೆಟ್ ನೆಲದ ಮೇಲಿತ್ತು. ಅವರು ಬಲಗೈ ಬೆರಳು ಮಡಚಲು ನೋಡುತ್ತಿದ್ದರು, ಅವು ಮಡಚಿಕೊಳ್ಳುತ್ತಿರಲಿಲ್ಲ.

"ಓಗ್ಲಿ ಬುಡಿ ಮೇಡಮ್ನೋರೆ, ಒಸಿ ರೆಸ್ಟ್ ತಗಂಡ್ರೆ ಸರಿಹೋಯ್ತದೆ," ಎಂದಳು ಅಡುಗೆಯವಳು.

"ರೆಸ್ಟ್ ಅಲ್ಲ," ಎಂದರು ಅವರು. "ಮುಗೀತು."

ಗೋಡೆಗೆ ಮತ್ತೊಮ್ಮೆ ತಲೆಬಾಗಿದರು. ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು.

ನಾನು ಮರುದಿನವೇ ಹೊಸ ಗಾಜು ಹಾಕಿಸಿದೆ. ತಮ್ಮ ದೇಶಕ್ಕೆ ಹೊರಡುವವರೆಗೂ ಅವರು ಆ ಕಿಟಕಿಯ ಒಳಬದಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಗಾಜಿಗೆ ಮತ್ತೆ ಏನೂ ಆಗಲಿಲ್ಲ.